ಬೊಂಬಾಯಿಯ ತಟ್ಟೆಯಲ್ಲಿ ಎಳೆ

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನಿಂದ ರೇಷ್ಮೆ ಎಳೆ ತೆಗೆಯುತ್ತಿದ್ದರು. "ವ್ಯಾಪಾರದ ದಿನ ಎಳೆ ಕಡೀಬಾರ್ದಪ್ಪ, ಮನೆ ಹಾಳಾಗ್ತದೆ," ಎನ್ನುತ್ತಿದ್ದರು. ಅಂಥ ದಿನ ಮನೆಯ ಹೆಂಗಸರು ಹೂ ಕಟ್ಟುವ ದಾರವನ್ನೂ ಹರಿಯುವಂತಿರಲಿಲ್ಲ.

ಅರವತ್ತರ ದಶಕದಲ್ಲೊಮ್ಮೆ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೊರಟ ಅವರ ಜೊತೆ, ಹಿಂದಿ ಮಾತಾಡಲು ನಾನೂ ಹೋಗಿದ್ದೆ. ವ್ಯಾಪಾರ ಕುದುರಬೇಕಿದ್ದ ದಿನವೇ, ಅವರ ರೇಷ್ಮೆ ಕೊಳ್ಳಲಿದ್ದ ಸೇಠು ನಮ್ಮಿಬ್ಬರನ್ನೂ ಇಟಲಿಯವರ ಹೋಟೆಲಿಗೆ ಊಟಕ್ಕೆ ಕರೆದೊಯ್ದ. ತಟ್ಟೆಯಲ್ಲಿ ಶಾವಿಗೆಯಂಥದ್ದು, ಆದರೆ ಗೇಣುದ್ದ. ಯಜಮಾನರ ಮುಖ ಬಿಳಿಚಿಕೊಂಡಿತು. ತುದಿ ಹುಡುಕಿ, ಹಲ್ಲು ತಾಗಿಸದೆ, ಒಂದೊಂದೇ ಎಳೆಯನ್ನು ಬಾಯೊಳಗೆ ಎಳೆದುಕೊಳ್ಳತೊಡಗಿದರು. ಸೇಠು ನಕ್ಕುಬಿಟ್ಟಾನೆಂದು ನನಗೆ ಪುಕುಪುಕು.

ಅವನು ನಗಲಿಲ್ಲ. ಪಾಪ, ತಿನ್ನಲು ಬಾರದೆಂದುಕೊಂಡು, ಚಾಕು ತೆಗೆದು ಅವರ ತಟ್ಟೆಯದನ್ನೆಲ್ಲ ಅಕ್ಕರೆಯಿಂದ ತುಂಡು ತುಂಡು ಮಾಡಿಕೊಟ್ಟ.

"ಮುಗೀತು ಕಣಪ್ಪ. ಏಳು, ಊರಿಗೆ ಹೋಗಣ," ಎಂದು ಯಜಮಾನರು ನನ್ನ ಕೈ ಹಿಡಿದರು. ಕುದಿನೀರಿಗೆ ಹೆದರದ ಆ ಬೆರಳುಗಳು ತಣ್ಣಗಾಗಿದ್ದವು.