ಬೀಡಿ ಕಟ್ಟುವ ಜಗಲಿಗೆ ಈ-ರೀಡರೋ ಟ್ಯಾಬೋ

ನೇರ ಹೇಳುತ್ತೇನೆ. ನಮ್ಮ ಜಗಲಿಗೆ ಟ್ಯಾಬೇ ಬೇಕು ಎಂದು ಹಟ ಹಿಡಿದವರಿಗೆ ಟ್ಯಾಬಿನ ಮೇಲೆ ಅಷ್ಟೇನೂ ಆಸೆ ಇರಲಿಲ್ಲ. ನಮಗೆ ಓದಿ ಹೇಳುವ ಕುಸುಮಳಿಗೆ ಕೂಲಿಯಾಗಿ ಕೊಡುವ ಬೀಡಿ ಉಳಿಸುವ ಆಸೆ ಇತ್ತು. ಬ್ಯಾಟರಿ, ಬಣ್ಣ, ದೊಡ್ಡ ಪರದೆ ಎಂಬ ಮಾತೆಲ್ಲ ಅದರ ಮೇಲೆ ಹೊದಿಸಿದ ಬಟ್ಟೆ.

ಇದು 2023ರ ದೀಪಾವಳಿ ಕಳೆದ ಮೇಲೆ ನಡೆದದ್ದು. ನನ್ನ ಮನೆ ಪಾಣೆಮಂಗಳೂರಿನ ಹತ್ತಿರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಎಲೆ ಹಿಡಿದವಳು ನಾನು. ಮೊಮ್ಮಕ್ಕಳು ಹೈಸ್ಕೂಲಿಗೆ ಹೋಗುವ ಹೊತ್ತಿನಲ್ಲೂ ಅದೇ ಕೆಲಸ ಮಾಡುತ್ತಿದ್ದೆ. ಬೀಡಿ ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಎಲೆಯನ್ನು ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ ಸುರುಳಿ ಸುತ್ತಿ, ನೂಲು ಕಟ್ಟಿ, ಕೊನೆಗೆ ಬೆರಳಿನಿಂದ ಬೀಡಿಯ ಮೂತಿ ಮುಚ್ಚುವುದು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಟ್ಟುಗಳನ್ನು ಬ್ರಾಂಚಿಗೆ ಕೊಡಬೇಕು. ಬ್ರಾಂಚ್ ಎಂದರೆ ಎಲೆ, ಹುಡಿ ಕೊಟ್ಟು ಬೀಡಿ ತೆಗೆದುಕೊಳ್ಳುವ ಕೋಣೆ. ಅಲ್ಲಿ ಕುಳಿತವ ಕಟ್ಟು ಬಿಚ್ಚಿ ನೋಡುತ್ತಾನೆ. ಮೂತಿ ಬಿಟ್ಟಿದ್ದರೆ, ಲೆಕ್ಕ ತಪ್ಪಿದ್ದರೆ ವಾಪಸು.

ನನ್ನ ಜಗಲಿಯಲ್ಲಿ ಆರು ಜನ ಹೆಂಗಸರು ಒಟ್ಟಿಗೆ ಕೂರುತ್ತಿದ್ದೆವು. ಐದು ಜನ ಬೀಡಿ ಕಟ್ಟುವುದು, ಕುಸುಮ ಓದುವುದು. ಅವಳು ಮುಂಡಾಜೆಯಿಂದ ನಮ್ಮ ಊರಿಗೆ ಮದುವೆಯಾಗಿ ಬಂದವಳು, ಎಸ್ಸೆಸ್ಸೆಲ್ಸಿ ಓದಿದವಳು. ವಾತ ಬಂದು ಬೆರಳು ಸೆಟೆದ ಮೇಲೆ ಅವಳಿಗೆ ದಿನಕ್ಕೆ ನಾಲ್ಕಾರು ಕಟ್ಟು ಕಟ್ಟುವುದೇ ಕಷ್ಟ. ಆದರೆ ಸ್ವರ ಚೆನ್ನಾಗಿ ಉಂಟು. ಪೇಪರು, ವಾರಪತ್ರಿಕೆಯ ಧಾರಾವಾಹಿ, ಪಂಚಾಯತಿನ ಲೈಬ್ರರಿಯ ಕಾದಂಬರಿ, ಎಲ್ಲ ಅವಳೇ ಓದಿ ಹೇಳುವುದು. ಸಂಜೆ ನಾವು ಒಬ್ಬೊಬ್ಬರು ಎರಡೆರಡು ಕಟ್ಟು ಅವಳ ತಡ್ಪೆಗೆ, ಎಂದರೆ ಗೆರಸೆಗೆ, ಹಾಕುತ್ತಿದ್ದೆವು. ಅದಕ್ಕೆ ನಾವು ಓದಿನ ಕಟ್ಟು ಎನ್ನುತ್ತಿದ್ದೆವು. ಆ ಬೀಡಿ ಬ್ರಾಂಚಿನಲ್ಲಿ ಕುಸುಮಳ ಹೆಸರಿಗೆ ಬೀಳುತ್ತಿತ್ತು. ಅವಳಿಗೆ ಪಿಂಚಣಿ ಸಿಗಲು ಇನ್ನೂ ಎರಡು ವರ್ಷ ಬಾಕಿ. ಅಲ್ಲಿಯವರೆಗೆ ಹೆಸರು ಉಳಿಯಬೇಕಾದರೆ ವಾರವಾರವೂ ಬೀಡಿ ಬೀಳಲೇಬೇಕು. ಹೆಸರು ಹೋದರೆ ಪಿಂಚಣಿಯೂ ಹೋಯಿತು. ಇದು ಜಗಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಾಪತ್ರಯ ಶುರುವಾದದ್ದು ವಾರಪತ್ರಿಕೆ ಸಿಗದೆ. ಪೇಟೆಯ ಅಂಗಡಿಯವ ತರಿಸುವುದನ್ನೇ ಬಿಟ್ಟ. ಲೈಬ್ರರಿಯ ಕಾದಂಬರಿಗಳನ್ನು ಎರಡೆರಡು ಸಲ ಕೇಳಿ ಆಗಿತ್ತು. ಪತ್ರಿಕೆಗೆಂದು ಎತ್ತಿಟ್ಟ ದುಡ್ಡಿನಲ್ಲಿ ಓದುವ ಯಂತ್ರ ಒಂದು ತೆಗೆದುಕೊಳ್ಳುವ ಎಂಬ ಮಾತು ಬಂತು. ನಮ್ಮ ಕೈಗೆ ಎಟಕುವ ಬೆಲೆಗೆ ಎರಡು ದಾರಿ ಇತ್ತು: ಈ-ರೀಡರ್ ಎಂಬ ಓದುವುದಕ್ಕೆ ಮಾತ್ರ ಇರುವ ಯಂತ್ರ, ಇಲ್ಲವಾದರೆ ಕಡಿಮೆ ಬೆಲೆಯ ಟ್ಯಾಬ್.

ನೋಡದೆ ವಸ್ತು ತೆಗೆದುಕೊಳ್ಳುವವಳು ನಾನಲ್ಲ. ಮಗಳನ್ನು ಕೊಟ್ಟದ್ದು ಮೂಡುಬಿದಿರೆ ಹತ್ತಿರದ ಪುತ್ತಿಗೆಗೆ. ಅವಳ ಪಕ್ಕದ ಮನೆಯಲ್ಲಿ ವಿಮಲಾ ಟೀಚರ್ ಇದ್ದಾರೆ. ಜೈನರು, ಶಾಲೆಯಿಂದ ನಿವೃತ್ತರಾದವರು. ಅವರು ಹೊಸ ಈ-ರೀಡರ್ ತೆಗೆದುಕೊಂಡಿದ್ದರು, ಹಳೆಯದನ್ನು ಮಾರುವವರಿದ್ದರು. ನಾನು ಹೋಗಿ ಕೇಳಿದೆ.

“ಅಪ್ಪಿಯಕ್ಕ, ಇದರಲ್ಲಿ ಓದಲಿಕ್ಕೆ ಮಾತ್ರ ಆಗ್ತದೆ” ಎಂದರು ಟೀಚರ್. “ಸಿನಿಮಾ ಇಲ್ಲ, ಬಣ್ಣ ಇಲ್ಲ. ಅದು ಕುಂದು ಅಂತ ಕೆಲವರು ಹೇಳ್ತಾರೆ. ನನಗೆ ಅದೇ ಬೇಕಿತ್ತು. ಒಂದೆರಡು ವಾರ ಇಟ್ಟುಕೊಂಡು ನೋಡಿ, ಬೇಡವಾದ್ರೆ ವಾಪಸು ತನ್ನಿ.”

ಟ್ಯಾಬ್ ಹುಡುಕಲು ದೂರ ಹೋಗಬೇಕಾಗಲಿಲ್ಲ. ಜಗಲಿಯ ಯಶೋದಳ ಮನೆಯಲ್ಲೇ ಒಂದಿತ್ತು. ಕೊರೋನಾ ಕಾಲದಲ್ಲಿ ಮಗಳ ಪಾಠಕ್ಕೆಂದು ತಂದದ್ದು, ಈಗ ಕಪಾಟಿನಲ್ಲಿ ಬಿದ್ದಿತ್ತು. ಅದನ್ನು ಒಂದು ವಾರ ನೋಡುವ, ಹಿಡಿಸಿದರೆ ಅದನ್ನೇ ತೆಗೆದುಕೊಳ್ಳುವ ಎಂದು ಮಾತಾಯಿತು.

ಮೊದಲ ವಾರ ಈ-ರೀಡರ್. ಅಂಗೈಯಷ್ಟು ಅಗಲ, ತೂಕವೇ ಇಲ್ಲ. ಕುಸುಮಳ ಸೆಟೆದ ಬೆರಳಿಗೆ ಪುಸ್ತಕಕ್ಕಿಂತ ಹಗುರ. ನಮ್ಮದು ಪಡುವಣಕ್ಕೆ ಮುಖ ಮಾಡಿದ ಜಗಲಿ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೆ ಬರುತ್ತದೆ. ಅದರಲ್ಲಿ ಬಿಸಿಲಿಗೂ ಅಕ್ಷರ ಕಾಗದದ ಮೇಲಿನ ಹಾಗೆಯೇ ಕಾಣುತ್ತಿತ್ತು. ಅಕ್ಷರ ದೊಡ್ಡದು ಮಾಡಬಹುದು. ಚಾರ್ಜಿನ ಚಿಂತೆ ವಾರವಿಡೀ ಬರಲಿಲ್ಲ. ಕುಂದು ಇಲ್ಲದೆ ಇರಲಿಲ್ಲ. ಪುಟ ತಿರುಗಿಸಿದರೆ ಒಮ್ಮೆ ಕಪ್ಪಾಗಿ, ಯೋಚನೆ ಮಾಡಿ, ಆಮೇಲೆ ತೋರಿಸುತ್ತಿತ್ತು. ಟೀಚರ್ ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಕನ್ನಡ ಪುಸ್ತಕಗಳು ಚೆನ್ನಾಗಿ ಬಂದವು. ಲೈಬ್ರರಿಯವ ಕಂಪ್ಯೂಟರಿನಿಂದ ಹಾಕಿಕೊಟ್ಟ ಪುಸ್ತಕದ ಕಡತಗಳು ಸರಿಯಾಗಿ ಬರಲಿಲ್ಲ. ಹಳೆಯ ಕಾಲದ ಟೈಪಿನದ್ದು ತೆರೆದರೆ ಗೀಟು, ಸೊನ್ನೆ, ಅರ್ಥವಿಲ್ಲದ ಗುರುತು. ಪುಸ್ತಕದ ಪುಟದ ಫೋಟೋ ಹೊಡೆದು ಇಟ್ಟದ್ದು ಬಂತು, ಆದರೆ ಅಕ್ಷರ ಇರುವೆ ಸಾಲಿನಷ್ಟು.

“ಬಣ್ಣ ಇಲ್ಲ, ಹಾಡಿಲ್ಲ, ಏನು ಕೇಳಿದ್ರೂ ನಿಧಾನ” ಎಂದಳು ಝುಲೇಖ. ಅವಳು ನನ್ನ ನೆರೆಮನೆಯ ಬ್ಯಾರಿ ಹೆಂಗಸು, ನಾಲಿಗೆ ಹರಿತ. “ಇದು ಪೂರಾ ನನ್ನ ಗಂಡನ ಹಾಗೆ ಉಂಟು ಮಾರಾಯ್ತಿ.”

“ಹಾಗಾದ್ರೆ ಬಾಳಿಕೆ ಬರ್ತದೆ” ಎಂದೆ ನಾನು.

ಎರಡನೇ ವಾರ ಟ್ಯಾಬ್. ಪರದೆ ದೊಡ್ಡದು. ಲೈಬ್ರರಿಯ ಪುಟದ ಫೋಟೋಗಳನ್ನು ಎರಡು ಬೆರಳಿನಿಂದ ಎಳೆದರೆ ಹಿಗ್ಗುತ್ತವೆ. ಬಣ್ಣದ ಚಿತ್ರವೂ ಬರುತ್ತದೆ. ಬಿಸಿಲು ಬಿದ್ದರೆ ಮಾತ್ರ ಪರದೆಯಲ್ಲಿ ನಮ್ಮ ಮುಖವೇ ಕಾಣುವುದು. ಬ್ಯಾಟರಿ ಸಂಜೆಗೆ ಮುಗಿಯುತ್ತಿತ್ತು. ಇದೆಲ್ಲ ಸುಧಾರಿಸಬಹುದಾದ ಮಾತು. ಎರಡನೇ ದಿನ ಯಶೋದ ಮಗಳಿಂದ ಕಲಿತುಬಂದು ಎಲ್ಲಿಯೋ ಒತ್ತಿದಳು. ಟ್ಯಾಬ್ ತಾನೇ ಪೇಪರು ಓದಲು ಶುರು ಮಾಡಿತು. ಬಸ್‌ಸ್ಟ್ಯಾಂಡಿನ ಘೋಷಣೆಯ ಸ್ವರ. ಸತ್ತವರ ಸುದ್ದಿಗೂ ಅಡಿಕೆ ಧಾರಣೆಗೂ ಒಂದೇ ರಾಗ.

“ಕುಸುಮ, ನಿನ್ನ ಗಂಟಲಿಗೆ ಇನ್ನು ರಜೆ” ಎಂದಳು ಯಶೋದ. ಎಲ್ಲರೂ ನಕ್ಕರು. ಕುಸುಮಳೂ ನಕ್ಕಳು. ಅವತ್ತು ಸಂಜೆ ಯಶೋದ ಓದಿನ ಕಟ್ಟು ಹಾಕಲಿಲ್ಲ. ಆಚೆ ಮನೆಯ ಅಕ್ಕತಂಗಿ ಇಬ್ಬರು ಅವಳ ಮುಖ ನೋಡಿದರು, ಅವರೂ ಹಾಕಲಿಲ್ಲ. ಝುಲೇಖ ಮತ್ತು ನಾನು ಹಾಕಿದೆವು. ಕುಸುಮ ತಡ್ಪೆಯಲ್ಲಿದ್ದಷ್ಟನ್ನು ಚೀಲಕ್ಕೆ ಹಾಕಿ ಹೋದಳು. ಮರುದಿನವೂ ಬಂದಳು, ಓದಲು ಏನೂ ಇಲ್ಲದೆ ಗೋಡೆಗೆ ಒರಗಿ ಕೂತು ಒಂದೊಂದೇ ಬೀಡಿ ಕಟ್ಟಿದಳು. ಬೆರಳು ನೋಯುವಾಗ ಅವಳ ಕೆಳತುಟಿ ಹಲ್ಲಿನ ಕೆಳಗೆ ಹೋಗುತ್ತದೆ. ಆ ವಾರ ತುಟಿ ಹೊರಗೆ ಬರಲಿಲ್ಲ.

ಈಗ ಕೆಲಸದ ಒಂದು ಕ್ರಮ ಹೇಳಬೇಕು. ಸಂಜೆ ಒಂದು ಹೊತ್ತಿಗೆ ನಾವೆಲ್ಲ ಬೀಡಿ ಎಣಿಸಿ ಕಟ್ಟು ಕಟ್ಟುತ್ತೇವೆ. ಆಗ ಕುಸುಮ ಓದು ನಿಲ್ಲಿಸುತ್ತಿದ್ದಳು. ಯಾರೂ ಅವಳಿಗೆ ನಿಲ್ಲಿಸು ಎಂದು ಹೇಳಿದ್ದಿಲ್ಲ. ನಮ್ಮ ಕೈ ನೋಡಿ ನಿಲ್ಲಿಸುವಳು. ಕೊನೆಯವಳು ನೂಲು ಕಡಿದು ತಲೆ ಎತ್ತುವವರೆಗೆ ಬಾಯಿ ತೆರೆಯುವವಳಲ್ಲ. ಟ್ಯಾಬಿಗೆ ಇದೆಲ್ಲ ಎಲ್ಲಿ ಗೊತ್ತು. ನಾವು ಎಣಿಸುವಾಗ ಅದು ಧಾರಣೆ ಓದುತ್ತಿತ್ತು, ಬರೀ ಸಂಖ್ಯೆ. ನಿಲ್ಲಿಸುವ ಎಂದರೆ ನಮ್ಮ ಬೆರಳೆಲ್ಲ ಎಲೆಯ ನೀರು, ಹೊಗೆಸೊಪ್ಪಿನ ಹುಡಿ. ಆ ಕೈಯಲ್ಲಿ ಒತ್ತಿದರೆ ಗಾಜು ಕೇಳುವುದೇ ಇಲ್ಲ. ಒರಸಿಕೊಂಡು ಒತ್ತುವಷ್ಟರಲ್ಲಿ ಹದಿನೆಂಟೋ ಹತ್ತೊಂಬತ್ತೋ ಎಂದು ಮರೆತುಹೋಗುವುದು. ಪಕ್ಕದಲ್ಲೇ ಕೂತಿದ್ದ ಕುಸುಮ ಅದನ್ನು ಮುಟ್ಟಲಿಲ್ಲ. ಅದು ಅವಳ ಕೆಲಸ ಅಲ್ಲವಲ್ಲ.

ಸಾಲದ್ದಕ್ಕೆ ಯಶೋದ ಮಧ್ಯಾಹ್ನ ಅದರಲ್ಲಿ ಅಡುಗೆಯ ವಿಡಿಯೋ ಹಾಕುತ್ತಿದ್ದಳು. ಕಿವಿಗೆ ಕೆಲಸ ಕೊಟ್ಟರೆ ಬೀಡಿ ಕಟ್ಟುವವಳ ಕೈ ನಿಲ್ಲುವುದಿಲ್ಲ. ಕಣ್ಣಿಗೆ ಕೊಟ್ಟರೆ ಕೈ ಕಳ್ಳನಾಗುತ್ತದೆ. ಮೂತಿ ಮುಚ್ಚದೆ ಬಿಟ್ಟ ಬೀಡಿ ಎಲ್ಲರ ತಡ್ಪೆಯಲ್ಲೂ ಬಿತ್ತು.

ಶನಿವಾರ ಬ್ರಾಂಚಿನವ ಮೊದಲು ಯಶೋದಳ ಕಟ್ಟು ಬಿಚ್ಚಿದ. ಒಂದು ಬೀಡಿ ಕಡಿಮೆ. ಇನ್ನೊಂದು ಬಿಚ್ಚಿದ, ಎರಡು ಹೆಚ್ಚು. ಮತ್ತೆ ಅಕ್ಕತಂಗಿಯರದ್ದು, ಝುಲೇಖಳದ್ದು, ನನ್ನದು.

“ಎಂತ ಅಪ್ಪಿಯಕ್ಕ, ನಿಮ್ಮ ಜಗಲಿಯವರಿಗೆ ಇಪ್ಪತ್ತೈದು ಮರೆತುಹೋಯ್ತಾ?” ಎಂದ. ಅವ ಹಾಗೆಲ್ಲ ತಮಾಷೆ ಮಾಡುವವನಲ್ಲ. ನಮ್ಮ ಜಗಲಿಯ ಬೀಡಿ ಅಷ್ಟನ್ನೂ ವಾಪಸು ಮಾಡಿದ, ಬಿಚ್ಚಿ ಎಣಿಸಿ ತನ್ನಿ ಎಂದ. ಸರಿಯಾಗಿ ಹೋದದ್ದು ಕುಸುಮ ಕೈಯಾರೆ ಕಟ್ಟಿದ ಕೆಲವೇ ಕಟ್ಟು. ಝುಲೇಖ ಮತ್ತು ನಾನು ಕೊಟ್ಟ ಓದಿನ ಕಟ್ಟಿನಲ್ಲೂ ಮೂತಿ ಬಿಟ್ಟದ್ದಿತ್ತು. ಅದೂ ವಾಪಸು. ಹಾಗಾಗಿ ಆ ವಾರ ಅವಳ ಹೆಸರಿಗೆ ಬೀಳಬೇಕಾದಷ್ಟು ಬೀಳಲಿಲ್ಲ. ಬ್ರಾಂಚಿನವ ಅವಳಿಗೆ ಹೇಳಿದ: “ಬರುವ ವಾರವೂ ಹೀಗೆ ಆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ, ಕುಸುಮಕ್ಕ.”

ಆದಿತ್ಯವಾರ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದೆ. ಟ್ಯಾಬ್, ಈ-ರೀಡರ್ ಎರಡನ್ನೂ ಮಣೆಯ ಮೇಲೆ ಇಟ್ಟೆ. ಯಾವುದು ಎಂದು ಹೇಳಿ ಎಂದೆ.

ಯಶೋದ ಬಿಡಲಿಲ್ಲ. “ಟ್ಯಾಬೇ ಆಗ್ಲಿ ಅಕ್ಕ. ಎಣಿಸುವಾಗ ನಿಲ್ಲಿಸಿದ್ರಾಯ್ತು. ದೊಡ್ಡ ಪರದೆ, ಲೈಬ್ರರಿಯ ಪುಸ್ತಕ ಎಲ್ಲ ಬರ್ತದೆ. ತಾನೇ ಓದ್ತದೆ ಬೇರೆ.”

“ಪರದೆಯ ಮಾತು ಬಿಡು. ಓದಿನ ಕಟ್ಟು ಉಳಿಯುತ್ತದೆ ಅಂತ ಹೇಳು” ಎಂದೆ.

ಅವಳ ಮುಖ ಕೆಂಪಾಯಿತು. “ಹೌದು, ಉಳಿಯುತ್ತದೆ. ಅದರಲ್ಲಿ ಎಂತ ತಪ್ಪು? ನನಗೇನು ಬೆರಳು ನೋಯುವುದಿಲ್ವಾ? ಯಂತ್ರ ಧರ್ಮಕ್ಕೆ ಓದುವಾಗ ನಾನು ಯಾಕೆ ಕೊಡಬೇಕು?”

ಕೇಳಿದ್ದು ಸರಿಯೇ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದಳಲ್ಲ, ಅದಕ್ಕೇ ನಾನು ಅವಳಿಗೆ ಬೈಯಲಿಲ್ಲ. ಉತ್ತರ ಕೊಟ್ಟದ್ದು ಝುಲೇಖ.

“ಧರ್ಮಕ್ಕೆ ಓದಿದ್ದಲ್ವಾ ಅದು, ಅದಕ್ಕೇ ಈ ವಾರ ನಾವೂ ಧರ್ಮಕ್ಕೆ ದುಡಿದದ್ದು” ಎಂದಳು. “ಕುಸುಮ ಓದುವಾಗ ಒಂದು ಸಲವಾದ್ರೂ ಲೆಕ್ಕ ತಪ್ಪಿದ್ದುಂಟಾ, ಹೇಳು.”

ಅಕ್ಕತಂಗಿಯರು ಈ-ರೀಡರ್ ಆಗಬಹುದು ಎಂದರು. ಇನ್ನೇನು ಮುಗಿಯಿತು ಎನ್ನುವಾಗ ಕುಸುಮ ಬಾಯಿ ತೆರೆದಳು.

“ನನಗೆ ಬೇಕಾಗಿ ಈ-ರೀಡರ್ ತೆಗೆದುಕೊಳ್ಳುವುದು ಬೇಡ. ನಿಮಗೆ ಕೇಳಲಿಕ್ಕೆ ಬೇಕಾದ್ರೆ ತೆಗೆದುಕೊಳ್ಳಿ. ನಾನು ಓದುವುದಾದ್ರೆ ಎರಡು ಮಾತು ಉಂಟು. ಸಂಜೆ ನಿಮ್ಮದೆಲ್ಲ ಆದ ಮೇಲೆ ಉಳಿದ ಹರಕುಮುರುಕು ನನ್ನ ತಡ್ಪೆಗೆ ಬೀಳುವುದು ಇನ್ನು ಆಗುವುದಿಲ್ಲ. ಬೆಳಿಗ್ಗೆ ಮೊದಲು ಕಟ್ಟುವ ಕಟ್ಟು ನನ್ನದು. ಮತ್ತೆ, ಬ್ರಾಂಚಿನವ ನೋಡುವ ಮೊದಲು ನಾನು ನೋಡ್ತೇನೆ. ಸರಿ ಇಲ್ಲದಿದ್ರೆ ವಾಪಸು.”

“ಅಬ್ಬಾ, ಇವಳೇ ಒಂದು ಬ್ರಾಂಚು!” ಎಂದಳು ಝುಲೇಖ.

“ಕೂಲಿ ಅಂದ್ರೆ ಕೂಲಿ” ಎಂದಳು ಕುಸುಮ. ನಗಲಿಲ್ಲ.

ಎಲ್ಲರೂ ಒಪ್ಪಿದರು. ಯಶೋದ ಕೊನೆಗೆ ಒಪ್ಪಿದಳು, ಒಪ್ಪಿದ ಮೇಲೆ ಟ್ಯಾಬನ್ನು ಸೆರಗಿನಲ್ಲಿ ಒರಸಿ ತೆಗೆದುಕೊಂಡು ಹೋದಳು. ಆ ಟ್ಯಾಬ್ ಹಾಳು ವಸ್ತು ಎಂದು ನಾನು ಹೇಳುವುದಿಲ್ಲ. ಮಕ್ಕಳ ಪಾಠ, ಬಣ್ಣದ ನಕ್ಷೆ, ಫೋಟೋ ಹೊಡೆದಿಟ್ಟ ದೊಡ್ಡ ಪುಟ ನೋಡುವವರಿಗೆ ಅದೇ ಸರಿ. ಬರೀ ಓದುವವರಿಗೆ, ಬಿಸಿಲಿನಲ್ಲಿ ಕೂರುವವರಿಗೆ, ಕಣ್ಣು ಮತ್ತು ಬೆರಳು ಸೋತವರಿಗೆ ಈ-ರೀಡರ್ ಸರಿ. ಆದರೆ ಕನ್ನಡ ಓದಲು ತೆಗೆದುಕೊಳ್ಳುವವರು ತಮಗೆ ಬೇಕಾದ ಕನ್ನಡ ಪುಸ್ತಕವನ್ನು ಅದರಲ್ಲಿ ತೆರೆದು ಅಕ್ಷರ ನೋಡಿದ ಮೇಲೆಯೇ ದುಡ್ಡು ಕೊಡಬೇಕು. ಟೀಚರ್ ಹೇಳಿದ ಹಾಗೆ ಇಟ್ಟುಕೊಂಡು ನೋಡಿದ್ದರಿಂದ ನನಗೆ ಅದು ಗೊತ್ತಾಯಿತು, ಲೈಬ್ರರಿಯ ಕಡತಗಳ ಆಸೆ ಬಿಟ್ಟೆ. ಪತ್ರಿಕೆಯ ದುಡ್ಡಿನಲ್ಲಿ ಟೀಚರಿಗೆ ಕೊಟ್ಟು ಉಳಿದದ್ದಕ್ಕೆ ಪುಸ್ತಕ ಹಾಕಿಸಿದೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೊಸ ವಸ್ತು ಜಗಲಿ ಹತ್ತುವಾಗ ಅದು ಏನೇನು ಮಾಡುತ್ತದೆ ಎಂದು ಕೇಳುವವರು ಬೇಕಾದಷ್ಟು ಜನ ಇರುತ್ತಾರೆ. ಯಾರ ಕೂಲಿ ಕಡಿಯುತ್ತದೆ ಎಂದೂ ಒಬ್ಬರು ಕೇಳಬೇಕು. ಅದನ್ನು ಜೋರಾಗಿಯೇ ಕೇಳಬೇಕು, ಕೂಲಿ ಹೋಗುವವಳು ಅಲ್ಲೇ ಕೂತಿರುವಾಗ.

ಸೋಮವಾರ ಬೆಳಿಗ್ಗೆ ಎದ್ದು ಎಲೆ ಕತ್ತರಿಸಿದೆ. ಇಪ್ಪತ್ತೈದು ಬೀಡಿ ಕಟ್ಟಿ, ಎರಡು ಸಲ ಎಣಿಸಿ, ಕಟ್ಟು ಮಾಡಿ ಕುಸುಮಳ ತಡ್ಪೆಗೆ ಹಾಕಿದೆ. ಅವಳು ಓದಲು ಶುರು ಮಾಡದೆ ಕಟ್ಟು ಬಿಚ್ಚಿ ಒಂದೊಂದೇ ತಿರುಗಿಸಿ ನೋಡಿದಳು. ಒಂದನ್ನು ನನ್ನ ಕಡೆಗೆ ಚಾಚಿದಳು. ಮೂತಿ ಸರಿ ಮುಚ್ಚಿರಲಿಲ್ಲ. ನಾನು ಅದನ್ನು ಬಿಚ್ಚಿ, ಬೇರೆ ಎಲೆ ತೆಗೆದು, ಹೊಸತಾಗಿ ಕಟ್ಟಿಕೊಟ್ಟೆ.