ಒಂದು ಮನೆಗೆ ಒಂದು ಚೀಟಿ

ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಚೀಟಿ ಕೊಡುವ ಹೆಂಗಸನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ತುಸು ಜೋರು. "ಮಗೂನ ಎತ್ಕೊಂಡು ನಿಂತೇ ಇದೀಯಲ್ಲಮ್ಮಾ, ಆ ಬೆಂಚೇನು ಕಚ್ಚುತ್ತಾ?" ಎಂದು ಗದರುವಳು. ಗದರಿದ ಮೇಲೆ ತಾನೇ ಎದ್ದು ಬಂದು ಬೆಂಚಿನ ಮೇಲೆ ಜಾಗ ಮಾಡಿಸುವಳು.

ಅವಳದೊಂದು ಪದ್ಧತಿಯಿತ್ತು. ತಾಯಿ, ಮಕ್ಕಳು, ಅತ್ತೆ ಎಲ್ಲರೂ ಮೈ ಸುಡುತ್ತಾ ಬಂದರೂ ಮನೆಯ ಹಿರಿಯರ ಹೆಸರಿನಲ್ಲಿ ಕಂಪ್ಯೂಟರಿಗೆ ಒಂದೇ ಚೀಟಿ ಹಾಕುತ್ತಿದ್ದಳು. ಬೇರೆ ಬೇರೆ ನಂಬರು ಕೊಟ್ಟರೆ ಅಮ್ಮ ಒಳಗೆ, ಕೂಸು ಹೊರಗೆ. ಆ ಅಳು ಕೇಳುವುದು ಅವಳಿಂದಾಗದು. ಡಾಕ್ಟರೂ ಬೇಡವೆಂದಿರಲಿಲ್ಲ.

ಆ ವರ್ಷ ಆಸ್ಪತ್ರೆಗೆ ಹೊಸದೊಂದು ಏರ್ಪಾಡು ಬಂತು. ಹಿಂದಿನ ವರ್ಷಗಳ ಫ್ಲೂ ಜ್ವರ, ಹವೆಯ ಚಳಿ-ಬಿಸಿ, ಪ್ರತಿ ಆಸ್ಪತ್ರೆಯ ಜ್ವರದ ಚೀಟಿ ಎಲ್ಲವನ್ನೂ ಉಣಿಸಿ ಕಂಪ್ಯೂಟರಿಗೆ ಕಲಿಸಿಟ್ಟಿದ್ದರು. ಮುಂದೆ ಜ್ವರ ಎಲ್ಲಿ ಏರುತ್ತದೆಂದು ಅದು ಮೊದಲೇ ಹೇಳುತ್ತಿತ್ತು. ಜ್ವರ ಏರುವ ಕಡೆ ಪರದೆ ಕೆಂಪು, ಇಲ್ಲದ ಕಡೆ ಹಸಿರು; ಕೆಂಪಾದ ಕಡೆಗೆ ಲಸಿಕೆ ಮೊದಲು ಹೋಗುತ್ತಿತ್ತು. ಚೀಟಿಯಕ್ಕ ಅದಕ್ಕೆ 'ಜೋಯಿಸರು' ಎಂದು ಹೆಸರಿಟ್ಟಳು.

ಅವಳ ಒಬ್ಬಳೇ ಮಗಳು ತುಂಬು ಗರ್ಭಿಣಿ. ಚಿಕ್ಕಂದಿನಿಂದ ಉಬ್ಬಸ, ಹಿಂದೊಮ್ಮೆ ಫ್ಲೂ ಅವಳನ್ನು ಸಾವಿನ ಬಾಗಿಲಿನವರೆಗೂ ಕರೆದೊಯ್ದಿತ್ತು.

"ಹೆರಿಗೆಗೆ ಅಲ್ಲಿಗೇ ಬರ್ಲಾ ಅಮ್ಮಾ? ಜ್ವರ ಗಿರ ಇಲ್ಲ ತಾನೆ?" ಎಂದು ಗಂಡನ ಊರಿಂದ ಫೋನ್ ಮಾಡಿ ಕೇಳಿದಳು.

"ಜೋಯಿಸರು ಹಸಿರು ತೋರಿಸ್ತಿದಾರೆ ಕಣೇ. ಧೈರ್ಯವಾಗಿ ಬಾ."

ಆದರೆ ಆ ವಾರ ಬೆಂಚುಗಳೆಲ್ಲ ತುಂಬಿದವು. ಎಲ್ಲಿ ನೋಡಿದರೂ ಕೆಮ್ಮು. ಪರದೆ ಮಾತ್ರ ಹಸಿರು! ಚೀಟಿಯಕ್ಕನ ಪಿತ್ತ ನೆತ್ತಿಗೇರಿತು. ಕಂಪ್ಯೂಟರ್ ನೋಡಿಕೊಳ್ಳುವ ಇಂಜಿನಿಯರ್ ಹುಡುಗಿಗೆ ಫೋನ್ ಮಾಡಿ, "ನಿಮ್ಮ ಜೋಯಿಸರಿಗೆ ಕಣ್ಣು ಕಾಣಲ್ವೇನಮ್ಮಾ?" ಎಂದು ದಬಾಯಿಸಿದಳು.

ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಐದು ಜನರ ಒಂದು ಸಂಸಾರ ನಡುಗುತ್ತಾ ಬಂತು. ಚೀಟಿಯಕ್ಕ ಒಂದು ಚೀಟಿ ಹಾಕಿದಳು.

"ಅಕ್ಕಾ, ಐದು ಜನಕ್ಕೂ ಒಂದೇನಾ?"

"ಒಂದೇ ಮನೆ ಅಲ್ವಾ?"

"ಮೆಷಿನ್‌ಗೆ ಅದು ಒಂದೇ ಜ್ವರ ಅಕ್ಕಾ. ಉಳಿದ ನಾಲ್ಕು ಅದಕ್ಕೆ ಗೊತ್ತೇ ಆಗಲ್ಲ."

"ಅಯ್ಯೋ, ನನ್ನ ಮಗಳನ್ನ ನಾನೇ ಕರೆದೆನಲ್ಲಮ್ಮಾ!" ಎನ್ನುತ್ತಲೇ ಚೀಟಿಯಕ್ಕ ಫೋನ್ ಹಚ್ಚಿದಳು. ಮಗಳು ಆಗಲೇ ಪೆಟ್ಟಿಗೆ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿದ್ದಳು.

"ಬರಬೇಡ ಕಣೇ. ವಾಪಸ್ ಮನೆಗೆ ಹೋಗು."

"ನೀನೇ ಅಲ್ವಾ ಬಾ ಅಂದಿದ್ದು?"

"ನಂದೇ ತಪ್ಪು ಕಂದಾ. ನಿನ್ನ ನೋಡ್ಬೇಕು ಅಂತ ಜೀವ ಒದ್ದಾಡ್ತಿದೆ. ಆದ್ರೂ ಬರಬೇಡ."

ಆ ಕಡೆಯಿಂದ ಬಿಕ್ಕುವುದು ಕೇಳಿತು. ಫೋನಿಟ್ಟ ಚೀಟಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆಯಿಂದ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಡ್ತೀನಿ ಬಿಡಮ್ಮಾ. ಅಳೋ ಕೂಸು ಅಳ್ಲಿ."

"ಬೇಡ ಅಕ್ಕಾ. ಚೀಟಿ ಒಂದೇ ಇರ್ಲಿ," ಎಂದಳು ಹುಡುಗಿ. ಪರದೆಯ ಮೇಲೆ ಎರಡು ಹೊಸ ಚೌಕ ಸೇರಿಸಿದಳು: ಎಷ್ಟು ಜನ, ಅವರಲ್ಲಿ ಎಷ್ಟು ಮಂದಿಗೆ ಜ್ವರ. ಹಳೆಯ ಚೀಟಿಗಳಲ್ಲಿ ಎಷ್ಟು ಜನರಿದ್ದರೆಂದು ಡಾಕ್ಟರನ್ನು ಕೇಳಿ ಆ ಲೆಕ್ಕವನ್ನೂ ತಿದ್ದಿದಳು. ಜೋಯಿಸರು ಕೆಂಪಾದರು, ಅದರ ಹಿಂದೆಯೇ ಲಸಿಕೆಯ ಪೆಟ್ಟಿಗೆಗಳು ಬಂದವು.

ಮಗಳು ಗಂಡನ ಊರಲ್ಲೇ ಹೆತ್ತಳು. ಅಜ್ಜಿಯಾದವಳು ಮೊಮ್ಮಗಳನ್ನು ಫೋನಿನಲ್ಲೇ ನೋಡಿ, ಫೋನಿಗೇ ಮುತ್ತು ಕೊಟ್ಟಳು.

ಚಳಿ ಕಳೆದು ಪರದೆ ನಿಜವಾಗಿಯೂ ಹಸಿರಾದ ಮೇಲೆ, ಒಂದು ಬೆಳಿಗ್ಗೆ ಕಿಟಕಿಯಾಚೆ ಯಾರೋ ಕೇಳಿದರು: "ಕೂಸಿಗೆ ಲಸಿಕೆ ಹಾಕಿಸ್ಬೇಕು ಅಕ್ಕಾ, ಚೀಟಿ ಕೊಡ್ತೀರಾ?"

ಚೀಟಿಯಕ್ಕ ತಲೆಯೆತ್ತಿದಳು. ಮಗಳು, ಅವಳ ತೋಳಲ್ಲಿ ಕೂಸು.

"ಸಾಲಲ್ಲಿ ಯಾಕೆ ನಿಂತೆ, ಕತ್ತೆ!" ಎಂದು ಗದರಿದಳು, ಕಣ್ಣು ತುಂಬಿ ಕೀಲಿಮಣೆಯೇ ಕಾಣಲಿಲ್ಲ. ತಡವರಿಸುತ್ತಾ ಒತ್ತಿದಳು. ಜ್ವರ: ಸೊನ್ನೆ. ಜನ: ಮೂರು.

"ನಾವು ಇಬ್ಬರೇ ಅಲ್ವೇನಮ್ಮಾ?" ಚೀಟಿ ನೋಡಿ ಮಗಳು ಕೇಳಿದಳು.

"ಒಂದೇ ಮನೆ ಅಲ್ವಾ?" ಎಂದ ಚೀಟಿಯಕ್ಕ ಕುರ್ಚಿಯಿಂದ ಎದ್ದು ಬಂದು, ಕೂಸನ್ನು ಎತ್ತಿಕೊಂಡು, ಮಗಳ ಜೊತೆ ತಾನೂ ಒಳಗೆ ಹೋದಳು.