ಐವತ್ತು ನಿಮಿಷದ ದಾರಿ

ಬೆಟ್ಟದಾಚೆಯ ಊರಿಗೆ ಲಾರಿಯಲ್ಲಿ ಹೋದರೆ ಎರಡು ದಿನ. ಅಂಚೆ, ಔಷಧಿ ಹೊತ್ತೊಯ್ಯುವ ಪುಟ್ಟ ವಿಮಾನಕ್ಕೆ ಐವತ್ತೇ ನಿಮಿಷ. ಆ ಐವತ್ತು ನಿಮಿಷವನ್ನು ಹತ್ತೊಂಬತ್ತು ವರ್ಷ ಕಿವಿಯಲ್ಲೇ ಕಾದವಳು ರೇಡಿಯೊ ಅಕ್ಕ. ತಗಡಿನ ಸೂರಿನ ಕೋಣೆಯಲ್ಲಿ ಕೂತು, ಎಂಟಕ್ಕೆ ವಿಮಾನ ಏರಿದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆದರೆ, ಆಚೆ ಊರಲ್ಲಿ ಇಳಿದೆ ಎಂದು ಪೈಲಟ್ ಹೇಳುವವರೆಗೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ರೇಡಿಯೊ ಎಷ್ಟೇ ಗೊರಗುಟ್ಟಿದರೂ ಅವಳ ಕಿವಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ. “ಅಕ್ಕನ ಎದುರು ಮನಸ್ಸಲ್ಲಿ ಬೈಕೊಂಡ್ರೂ ಕೇಳಿಸುತ್ತೆ” ಎಂದು ಇಂಧನ ತುಂಬುವವನು ನಗುತ್ತಿದ್ದ.

ಹೊಸ ಪೈಲಟ್ ಬಂದ ದಿನವೇ ಅವಳನ್ನು ಅಕ್ಕಾ ಎಂದ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಆದರೆ ಅವಳಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದು ತಲೆದಿಂಬಿನ ಬಳಿ ಕೂತವನು ಇವನೊಬ್ಬನೇ. ಒಡಹುಟ್ಟಿದವರಿಲ್ಲದ ಅವಳು ಅವನನ್ನು ತಮ್ಮಾ ಎನ್ನತೊಡಗಿದಳು.

ಒಂದು ದಿನ ಅವನು ಬಾಗಿಲಿಗೆ ಒರಗಿ ನಿಂತು ಕೇಳಿದ. “ದಾರಿ ಮಧ್ಯೆ ಹೊಳೆ ದಂಡೆ ಹಳ್ಳಿ ಇದೆಯಲ್ಲಕ್ಕಾ, ಅಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ. ಹೋಗುವಾಗ್ಲೆಲ್ಲ ಅಲ್ಲಿನ ಬಯಲಲ್ಲಿ ಇಳಿದು ಮಾತ್ರೆ ಕೊಟ್ಟು ಹೋಗ್ತೀನಿ. ಗೊತ್ತಾದ್ರೆ ಕೆಲಸಕ್ಕೇ ಸಂಚಕಾರ. ಐವತ್ತು ನಿಮಿಷ ಅಂತಲೇ ಬರ್ಕೋ.”

ಅಕ್ಕನ ಕರುಳು ಚುರುಕ್ಕೆಂದಿತು. ಅವನು ಒಂಬತ್ತೂ ಕಾಲಿಗೆ ಇಳಿದೆನೆಂದರೂ ಅವಳು ಎಂಟೂ ಐವತ್ತು ಎಂದು ಬರೆದಳು. ಏಳು ತಿಂಗಳು ಹೀಗೇ ಬರೆದಳು.

ಲಾಗ್‌ಬುಕ್ಕಿನಲ್ಲಿದ್ದ ಹಾರಾಟದ ಹೊತ್ತಿಗೂ ಖರ್ಚಾದ ಇಂಧನಕ್ಕೂ ತಾಳೆಯಾಗದೆ ತನಿಖಾಧಿಕಾರಿ ಬಂದರು. ಇಬ್ಬರನ್ನೂ ಎದುರು ಕೂರಿಸಿ ಕೇಳಿದರು. ಪೈಲಟ್ ಮೆಲ್ಲಗೆ ಹೇಳಿದ: “ಎದುರುಗಾಳಿಗೆ ತಡ ಆಗ್ತಿತ್ತು ಸರ್. ನಾನು ಸರಿಯಾದ ಟೈಮೇ ಹೇಳ್ತಿದ್ದೆ. ಪಾಪ, ಅಕ್ಕನಿಗೆ ಈಚೆಗೆ ಕಿವಿ ಮಂದ.”

ಅಕ್ಕ ಅವನ ಮುಖ ನೋಡಿದಳು. ಅವನು ಟೋಪಿಯ ಅಂಚನ್ನು ನೇವರಿಸುತ್ತಿದ್ದ. ಹಾಸಿಗೆ ಹಿಡಿದ ತಾಯಿಯ ಮಾತು ನಾಲಗೆ ತುದಿಗೆ ಬಂತು. ನುಂಗಿಕೊಂಡಳು. ಮರುದಿನವೇ ಅವಳನ್ನು ರೇಡಿಯೊದಿಂದ ಎಬ್ಬಿಸಿ ಪಾರ್ಸೆಲ್ ತೂಗುವ ಕೆಲಸಕ್ಕೆ ಹಾಕಿದರು. ಜನ ಅವಳೊಡನೆ ಕೂಗಿ ಮಾತಾಡತೊಡಗಿದರು.

ವಾರವಾದರೂ ಅವನು ಇತ್ತ ತಲೆ ಹಾಕಲಿಲ್ಲ. ಆ ತಾಯಿಯನ್ನಾದರೂ ಕಂಡು ಬರೋಣವೆಂದು ಅಕ್ಕ ರಜೆ ಹಾಕಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಲಾರಿ ಹತ್ತಿದಳು. ಹಳ್ಳಿಯ ಅಂಗಡಿಯವಳಿಗೆ ಅಂಥ ಮುದುಕಿಯ ಸುಳಿವೇ ಇರಲಿಲ್ಲ. “ವಿಮಾನದವನಾ? ಅವನಮ್ಮ ಇಲ್ಲೆಲ್ಲಿದ್ದಾರೆ? ಅವನು ಇಳಿಯೋದು ಕಳ್ಳಮಾಲಿಗೆ. ಅಗೋ, ಆ ಗೋದಾಮಿನವನು ಅವನ ಮಾವ.”

ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಅತ್ತದ್ದು ರೇಡಿಯೊ ಕೆಲಸ ಹೋದದ್ದಕ್ಕಲ್ಲ. ಇಲ್ಲದ ಮುದುಕಿಯ ನೋವಿಗಾಗಿ ಏಳು ತಿಂಗಳು ತಾನು ಮರುಗಿದ್ದನ್ನು ನೆನೆದು.

ಊರಿಗೆ ಮರಳಿದವಳೇ ತನಿಖಾಧಿಕಾರಿಗೆ ಎಲ್ಲವನ್ನೂ ಬರೆದಳು. ಅವರು ಕರೆಸಿ ಎಚ್ಚರಿಸಿದರು: “ಇದಕ್ಕೆ ಸಹಿ ಹಾಕಿದ್ರೆ ನಿಮ್ಮ ಕೆಲಸಾನೂ ಹೋಗುತ್ತೆ. ಕಿವಿ ಮಂದ ಅಂತಲೇ ಇದ್ದುಬಿಟ್ರೆ ತಕ್ಕಡಿ ಕೆಲಸವಾದ್ರೂ ಉಳಿಯುತ್ತೆ.”

“ನನಗೆ ಎಲ್ಲಾ ಕೇಳಿಸ್ತಿತ್ತು ಸರ್” ಎಂದಳು ಅಕ್ಕ. “ಕೇಳಿಸಿಕೊಂಡೇ ಸುಳ್ಳು ಬರೆದೆ. ಹಾಗಂತಲೇ ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಇಬ್ಬರ ಕೆಲಸವೂ ಹೋಯಿತು. ಊರು ಬಿಡುವ ದಿನ ಪೈಲಟ್ ಅವಳ ಬೀದಿಯಲ್ಲೇ ಹಾದುಹೋದ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವನು ಅಕ್ಕಾ ಎಂದು ಕರೆಯಲಿಲ್ಲ.